ಕೆಂಪು ಬಟ್ಟೆ ಕಟ್ಟಿದ ಬಾಗಿಲು

ನನ್ನ ತಮ್ಮ ಕನ್ನಡಕದ ಗಾಜು ತಿಕ್ಕುವ ಕೆಲಸಗಾರ. ಅಂಗಡಿಯ ಮುಂದುಗಡೆ ಮಾಲೀಕ ಗಿರಾಕಿಗಳ ಮೂಗಿಗೆ ಫ್ರೇಮು ಏರಿಸಿ, "ನಿಮಗೇ ಅಂತ ಮಾಡಿಸಿದ ಹಾಗಿದೆ" ಎಂದು ಎಲ್ಲರಿಗೂ ಅದೇ ಮಾತು ಹೇಳುತ್ತಿದ್ದರೆ, ಇವನು ಪರದೆಯ ಹಿಂದೆ, ನೀರು ತೊಟ್ಟಿಕ್ಕುವ ಸಾಣೆಚಕ್ರದ ಮುಂದೆ ಬೆನ್ನು ಬಗ್ಗಿಸಿ ಕೂತಿರುತ್ತಿದ್ದ. ಗಾಜಿನ ಅಂಚನ್ನು ಚಕ್ರಕ್ಕೆ ತಾಗಿಸುವುದು, ತೆಗೆದು ಬೆಳಕಿಗೆ ಹಿಡಿಯುವುದು, ಮತ್ತೆ ತಾಗಿಸುವುದು. ಆಮೇಲೆ ಬಿಳಿಯ ಪಾಲಿಶ್ ಹಚ್ಚಿ, ಮೆತ್ತನೆಯ ಬಟ್ಟೆ ಸುತ್ತಿದ ಗಾಲಿಗೆ ಹಿಡಿದು ಗೀರುಗಳನ್ನು ಮಾಯ ಮಾಡುವುದು. ಗೀರು ಎಂದರೆ ಅವನಿಗೆ ಹಾವು ಕಂಡ ಹಾಗೆ. ಮನೆಗೆ ಬಂದವರು ಕನ್ನಡಕ ತೆಗೆದು ಮಗುಚಿ ಮೇಜಿನ ಮೇಲಿಟ್ಟರೆ ಸಾಕು, ಅವರ ಮಾತು ಮುಗಿಯುವ ಮೊದಲೇ ಕೈಚಾಚಿ ನೆಟ್ಟಗೆ ಇಡುತ್ತಿದ್ದ. ನನ್ನದನ್ನಂತೂ ಮೂಗಿನಿಂದಲೇ ಕಿತ್ತುಕೊಂಡು ಒರೆಸುತ್ತಿದ್ದ. "ಅಕ್ಕ, ಪ್ರಾರ್ಥನೆಗೆ ಕೂತಾಗ ಇದರಲ್ಲಿ ನಿನಗೆ ದೇವರು ಕಾಣಿಸ್ತಾನೋ, ಬೆರಳಚ್ಚು ಕಾಣಿಸುತ್ತೋ?"

ಅವನಿಗಿದ್ದ ಒಂದೇ ಚಟ ಹಾಡಿನ ಪ್ಲೇಟು. ಹಳೆಯ ಸಾಮಾನಿನ ಅಂಗಡಿಗಳಲ್ಲಿ, ಮನೆ ಖಾಲಿ ಮಾಡುವವರ ಹೊಸ್ತಿಲಲ್ಲಿ, ಎಲ್ಲಿ ಕಪ್ಪು ತಟ್ಟೆಯಂಥದ್ದು ಕಂಡರೂ ಕಾಲು ಅಲ್ಲೇ ನಿಲ್ಲುತ್ತಿತ್ತು. ತಂದದ್ದನ್ನು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ಕೂಸಿನ ತಲೆ ಒರೆಸುವ ಹಾಗೆ ಒರೆಸಿ, ಕವರಿಗೆ ಹಾಕಿ ನಿಲ್ಲಿಸಿಡುತ್ತಿದ್ದ. ಬೀದಿಯಲ್ಲಿ ಅವನನ್ನು ಪ್ಲೇಟಪ್ಪ ಎನ್ನುತ್ತಿದ್ದರು. ಅವನೂ ತಿರುಗಿ ನೋಡುತ್ತಿದ್ದ.

ಇಂಥವನಿಗೆ ಬಂದ ಹೆಂಡತಿ ಮಹಾ ಮಾತುಗಾತಿ. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ದಿಂಬಿಗೆ ತಲೆ ತಾಗುವವರೆಗೆ ನಿಲುಗಡೆಯಿಲ್ಲ. ಬಸ್ಸಿನಲ್ಲಿ ಯಾರು ಯಾರಿಗೆ ಜಾಗ ಬಿಟ್ಟರು, ತರಕಾರಿಯವಳ ಸೊಸೆ ಯಾಕೆ ಮುಖ ಊದಿಸಿಕೊಂಡಿದ್ದಾಳೆ, ಮೇಲಿನ ಮನೆಯವರ ನಲ್ಲಿ ಯಾವ ದನಿಯಲ್ಲಿ ಸೋರುತ್ತದೆ, ಎಲ್ಲವೂ ಅವಳಲ್ಲಿ ಸುದ್ದಿ. ಮದುವೆಯಾದ ವಾರದಲ್ಲೇ ನಮ್ಮಮ್ಮ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಳು. "ಪ್ಲೇಟಿಗೂ ರೇಡಿಯೋಗೂ ಗಂಟು ಹಾಕಿದ್ದೀವಿ. ಪ್ಲೇಟಾದರೂ ತಿರುಗಿ ತಿರುಗಿ ನಿಲ್ಲುತ್ತೆ, ಇದಕ್ಕೆ ಕಿವಿ ಹಿಂಡೋಕೆ ಗುಂಡಿನೇ ಇಲ್ಲ!" ರೇಡಿಯೋ ಎಲ್ಲರಿಗಿಂತ ಜೋರಾಗಿ ನಕ್ಕವಳು. ಅತ್ತೆ ತೀರಿಕೊಂಡ ಮೇಲೂ ಆ ಹೆಸರು ಬಿಡಲಿಲ್ಲ. ಫೋನು ಎತ್ತಿದರೆ "ಹಲೋ, ರೇಡಿಯೋ ಮಾತಾಡ್ತಿದೆ" ಎನ್ನುತ್ತಿದ್ದಳು.

ಗಂಡನನ್ನು ಮಾತಿಗೆ ಎಳೆಯಬೇಕಾದರೆ ಮೊದಲು ಅವಳದೊಂದು "ರೀ" ಬರುತ್ತಿತ್ತು. ಊರಲ್ಲಿ ಎಲ್ಲ ಹೆಂಡಂದಿರೂ ಅನ್ನುವ "ರೀ" ಅಲ್ಲ ಅದು. ಸ್ವಲ್ಪ ಕೆಳಗಿನಿಂದ ಹಿಡಿದು, ಎಳೆದು, ಕೊನೆಗೆ ತುಸು ಮೇಲಕ್ಕೆತ್ತಿ ಬಿಡುತ್ತಿದ್ದಳು. ಬಾವಿಯಿಂದ ತುಂಬಿದ ಕೊಡ ಎತ್ತಿ ಕಟ್ಟೆಯ ಮೇಲಿಟ್ಟ ಹಾಗೆ. ಅದಾದ ಮೇಲೇನೆ ಸುದ್ದಿ.

ಅವರಿಬ್ಬರಿಗೆ ಮಕ್ಕಳಾಗಲಿಲ್ಲ. ಅವರು ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ. ಗಂಡನನ್ನು ಬೇಗ ಕಳೆದುಕೊಂಡ ನಾನು ಅದೇ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದ ಒಂದು ಕೋಣೆಯಲ್ಲಿ. ಅವರ ಮನೆಯ ಸದ್ದೆಲ್ಲ ಮೆಟ್ಟಿಲಿಳಿದು ನನ್ನ ಹತ್ತಿರ ಬರುತ್ತಿತ್ತು.

ನಾನು ಹೇಳಹೊರಟ ಕಾಲದಲ್ಲಿ ಫೋನು ಇನ್ನೂ ಗೋಡೆಗೆ ಅಂಟಿಕೊಂಡೇ ಇತ್ತು, ಕಂಪ್ಯೂಟರು ಆಗಷ್ಟೇ ಮನೆಮನೆ ಹೊಗುತ್ತಿತ್ತು. ಒಂದು ದಿನ ಕನ್ನಡಕದ ಅಂಗಡಿಗೆ ವಯಸ್ಸಾದ ಹಾಡಿನ ಟೀಚರೊಬ್ಬರು ಬಂದರು. ಮದುವೆಯಾಗದೆ, ಮಕ್ಕಳಿಗೆ ಹಾಡು ಕಲಿಸುತ್ತಲೇ ತಲೆ ಬೆಳ್ಳಗಾದವರು. ಅವರ ಕೈ ನಡುಗುತ್ತಿತ್ತು. "ಪ್ಲೇಟಿನ ಮೇಲೆ ಮುಳ್ಳು ಇಡೋಕೆ ಹೋದರೆ ಚುಚ್ಚುಮದ್ದು ಕೊಟ್ಟ ಹಾಗಾಗುತ್ತಪ್ಪ. ಅದೂ ಚೀರುತ್ತೆ, ನಾನೂ ಚೀರ್ತೀನಿ. ಇವನ್ನೆಲ್ಲ ಸಿ.ಡಿ.ಗೆ ಇಳಿಸಿಕೊಡ್ತಾರಂತಲ್ಲ, ಗುಂಡಿ ಒತ್ತಿದರೆ ಸಾಕಂತೆ?"

ಪರದೆಯ ಹಿಂದಿನಿಂದ ನನ್ನ ತಮ್ಮ ತಲೆ ಹೊರಹಾಕಿ, "ನಾನು ಇಳಿಸಿಕೊಡ್ತೀನಿ" ಎಂದುಬಿಟ್ಟ. ಹೇಗೆಂದು ಅವನಿಗೇ ಗೊತ್ತಿರಲಿಲ್ಲ.

ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದು ಮನೆಗೆ ಬಂತು. ಕಲಿಸುವವರಿಲ್ಲ. ಇವನು ತನ್ನಷ್ಟಕ್ಕೆ ಲೆಕ್ಕ ಹಾಕಿದ. "ಅಕ್ಕ, ಹಾಡು ಹೊರಗೆ ಬರೋದು ಎಲ್ಲಿಂದ? ಸ್ಪೀಕರಿನಿಂದ. ಹಾಗಾದರೆ ಮೈಕು ಇಡೋದು ಎಲ್ಲಿ? ಸ್ಪೀಕರಿನ ಎದುರಿಗೆ." ನನಗೂ ಸರಿಯೆನಿಸಿತು. ಸ್ಟೂಲಿನ ಮೇಲೆ ಮಡಚಿದ ಟವೆಲು, ಅದರ ಮೇಲೆ ಮೈಕು, ಅದರಿಂದ ಕಂಪ್ಯೂಟರಿಗೆ ತಂತಿ. ಮುಳ್ಳು ಇಳಿಸಿ, ಉಸಿರು ಬಿಗಿಹಿಡಿದು, ಪ್ಲೇಟಿನ ಒಂದು ಬದಿ ಮುಗಿಯುವವರೆಗೆ ಕಲ್ಲಿನ ಹಾಗೆ ಕೂರುತ್ತಿದ್ದ. ಕಂಪ್ಯೂಟರಿನಲ್ಲಿ ಪ್ಲೇಟು ಬೇಗ ಬೇಗ ಇಳಿಯುವುದಿಲ್ಲ. ಹಾಡು ಎಷ್ಟು ಉದ್ದವೋ ಕೆಲಸ ಅಷ್ಟೇ ಉದ್ದ.

ತೊಂದರೆಯೆಂದರೆ ಮೈಕು ಹಾಡನ್ನಷ್ಟೇ ಕೇಳಿಸಿಕೊಂಡು ಸುಮ್ಮನಿರುವ ಜಾತಿಯಲ್ಲ. ಬಸ್ಸು ಹೋದರೆ ಬಸ್ಸು, ಪಾತ್ರೆ ಬಿದ್ದರೆ ಪಾತ್ರೆ. ಕಂಪ್ಯೂಟರಿನ ವಯರನ್ನು ಅಡುಗೆಮನೆಯ ಪ್ಲಗ್ಗಿಗೇ ಎಳೆಯಬೇಕಾಗಿದ್ದರಿಂದ ನಡುವಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಅದಕ್ಕೇ ಮನೆಯಲ್ಲೊಂದು ಕಾನೂನು ಬಂತು. ಹಳೆಯ ದಿಂಬಿನ ಚೀಲದಿಂದ ಹರಿದ ಕೆಂಪು ಬಟ್ಟೆಯ ತುಂಡನ್ನು ಬಾಗಿಲ ಹಿಡಿಗೆ ಕಟ್ಟುತ್ತಿದ್ದ. ಅದು ಅಲ್ಲಿರುವಷ್ಟು ಹೊತ್ತು ಮನೆಯಲ್ಲಿ ಮಾತಿಲ್ಲ, ನಲ್ಲಿಯಿಲ್ಲ, ಚಪ್ಪಲಿಯ ಸದ್ದಿಲ್ಲ. ಮರೆತು ರೇಡಿಯೋ ಬಾಯಿ ತೆರೆದರೆ ಇವನ ಬಾಯಿಂದ ಒಂದು "ಶ್!" ಹೊರಡುತ್ತಿತ್ತು, ಸಾಣೆಚಕ್ರಕ್ಕೆ ಗಾಜು ತಾಗಿದ ಹಾಗೆ.

ಆಗೆಲ್ಲ ಅವಳು ಕೆಳಗಿಳಿದು ನನ್ನಲ್ಲಿಗೆ ಬರುತ್ತಿದ್ದಳು. "ಅತ್ತಿಗೆ, ನಿಮ್ಮ ತಮ್ಮ ಬಟ್ಟೆ ಕಟ್ಟಿದರು. ನಮ್ಮನೆ ಲೋಟ ನಾನೇ ಕದಿಯೋ ಕಳ್ಳಿ ಥರ ಓಡಾಡ್ತಿದ್ದೀನಿ. ನೋಡಿ, ಹೊಸ ವಿದ್ಯೆ ಕಲಿತೆ." ನನ್ನ ಕೈಯಲ್ಲಿದ್ದ ಸ್ಟೀಲಿನ ಲೋಟ ಕಸಿದುಕೊಂಡು ತೋರಿಸಿದಳು. ಕಿರುಬೆರಳನ್ನು ಮೊದಲು ಮೇಜಿಗೆ ಆನಿಸುವುದು, ಅದರ ಮೇಲೆ ಲೋಟದ ಒಂದಂಚು, ಆಮೇಲೆ ಬೆರಳನ್ನು ಮೆಲ್ಲಗೆ ಜಾರಿಸಿಕೊಂಡು ಇನ್ನೊಂದಂಚು. ಲೋಟ ಕೂತದ್ದು ಲೋಟಕ್ಕೇ ಗೊತ್ತಾಗಬಾರದು. "ಹೇಗಿದೆ? ಈ ಬೆರಳಿಗೆ ಒಂದು ಉಂಗುರ ಬಹುಮಾನ ಕೊಡಿಸಿ ಅಂತ ಹೇಳಿ ನಿಮ್ಮ ತಮ್ಮನಿಗೆ."

ನನ್ನ ಮುಂದೆ ಕೂತು ಆವತ್ತಿನ ಸುದ್ದಿಯೆಲ್ಲ ಹೇಳಿ ಹಗುರಾಗಿ, ಮೇಲೆ ಬಟ್ಟೆ ಬಿಚ್ಚಿದ ಸದ್ದು ಕೇಳಿದರೆ ಓಡುತ್ತಿದ್ದಳು. ಬಟ್ಟೆ ಬಿಚ್ಚಿದರೆ ಸದ್ದು ಎಲ್ಲಿಂದ ಬರಬೇಕು? ಅವಳಿಗೆ ಕೇಳಿಸುತ್ತಿತ್ತು.

ಟೀಚರಿಗೆ ಕೊಟ್ಟ ಮೊದಲ ಸಿ.ಡಿ. ಅವರಿಗೆ ತುಂಬ ಹಿಡಿಸಿತು. ಅವರಿಂದ ಕೇಳಿ ಬೇರೆಯವರೂ ಬಂದರು: ಬೇಕರಿಯವನು, ಹಲ್ಲಿನ ಡಾಕ್ಟರು, ಒಬ್ಬ ಬಸ್ ಡ್ರೈವರನ ಹೆಂಡತಿ. ನನ್ನ ತಮ್ಮ ತನ್ನ ಭಾನುವಾರಗಳನ್ನೆಲ್ಲ ಇದಕ್ಕೇ ಕೊಟ್ಟ. ಹೀಗೇ ನಡೆಯುತ್ತಿದ್ದಾಗ ಟೀಚರು ಅಂಗಡಿಗೆ ಬಂದು ಎಲ್ಲರೆದುರು ಕೇಳಿದರು. "ಅಲ್ಲಪ್ಪ, ನೀನು ಕೊಟ್ಟ ಸಿ.ಡಿ.ಯ ಕೊನೆಯ ಹಾಡಲ್ಲಿ ಇನ್ನೊಬ್ಬಳು ಹಾಡ್ತಾಳಲ್ಲ, ಯಾರದು? ಪ್ಲೇಟಿನ ಕವರಿನ ಮೇಲೆ ಹೆಸರೇ ಇಲ್ಲ."

ಆಗ ತಿಳಿಯಿತು. ಆ ಹಾಡು ಓಡುತ್ತಿದ್ದಾಗ ತಮ್ಮ ಯಾರೋ ಕರೆದರೆಂದು ಕೆಳಗಿಳಿದಿದ್ದ. ಹಿಡಿಗೆ ಕಟ್ಟಿದ ಬಟ್ಟೆ ಜಾರಿ ಬಿದ್ದಿತ್ತು. ಒಣಗಿದ ಬಟ್ಟೆ ಮಡಚಲು ಕೋಣೆಗೆ ಬಂದ ರೇಡಿಯೋ, ಹಾಡಿನ ಜೊತೆ ತಾನೂ ಗುನುಗಿದ್ದಳು. ಪೂರ್ತಿ ಹಾಡು.

"ನಿನ್ನ ಹೆಂಡತಿ ಶ್ರುತಿ ಬಿಟ್ಟಿಲ್ಲ ಬಿಡು" ಎಂದು ಟೀಚರು ನಕ್ಕರು. ತಮ್ಮ ನಗಲಿಲ್ಲ. ಮನೆಗೆ ಬಂದು ಹೆಂಡತಿಯನ್ನು ಬೈಯಲೂ ಇಲ್ಲ, ಅವನು ಬೈಯುವವನಲ್ಲ. ಊಟ ಮಾಡದೆ ಎದ್ದು ಹೋದ, ಅಷ್ಟೆ. ಮಾರನೆಯ ದಿನ ಟಿ.ವಿ. ರಿಪೇರಿಯವನೊಬ್ಬನ ಹತ್ತಿರ ಹೋಗಿ ಕೇಳಿದ. ಆತ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ಹಾಡು ಕಂಪ್ಯೂಟರಿಗೆ ಹೋಗಬೇಕಾದರೆ ಗಾಳಿಗ್ಯಾಕೆ ಬಿಡ್ತೀರಿ? ಪ್ಲೇಯರಿನ ಹಿಂದಿನಿಂದ ನೇರ ಒಂದು ತಂತಿ ಎಳೀರಿ. ಪಕ್ಕದಲ್ಲಿ ಪಟಾಕಿ ಸುಟ್ಟರೂ ಬರಲ್ಲ."

ಆ ತಂತಿ ಬಂದದ್ದೇ, ತಮ್ಮನಿಗೆ ತಾನು ಮಾಡಿದ್ದೆಲ್ಲ ಗೀರು ಬಿದ್ದ ಗಾಜಿನ ಹಾಗೆ ಕಾಣತೊಡಗಿತು. ಅಂಗಡಿಯಲ್ಲಿ ಅವನದೊಂದು ಪದ್ಧತಿಯಿತ್ತು. ನಂಬರು ತಪ್ಪಿದ ಗಾಜು ಹೇಗೋ ಹೊರಗೆ ಹೋದರೆ ವಾಪಸು ತರಿಸಿ, ಹೊಸದು ಕೊಟ್ಟು, ಹಳೆಯದನ್ನು ತನ್ನ ಕೈಯಾರೆ ಒಡೆಯುವುದು. ತಪ್ಪು ಗಾಜು ಇನ್ನೊಬ್ಬರ ಕಣ್ಣಿನ ಮೇಲೆ ಕೂರಬಾರದು ಎನ್ನುತ್ತಿದ್ದ. ಸಿ.ಡಿ.ಗಳಿಗೂ ಅದನ್ನೇ ಮಾಡಿದ. ಎಲ್ಲರ ಪ್ಲೇಟುಗಳನ್ನೂ ಮತ್ತೆ ಕೇಳಿ ತಂದು, ನೇರ ತಂತಿಯಲ್ಲಿ ಹೊಸದಾಗಿ ಇಳಿಸಿದ. ಮನೆಮನೆಗೆ ಹೋಗಿ, "ಮೊದಲು ಕೊಟ್ಟದ್ದು ಸರಿಯಿಲ್ಲ, ಇದು ತಗೊಳ್ಳಿ, ಅದು ಕೊಡಿ" ಎಂದು ಹಳೆಯದನ್ನೆಲ್ಲ ಇಸಿದುಕೊಂಡು ಬಂದ. ಟೀಚರ ಮನೆಯಲ್ಲಿ ಮಾತ್ರ ಹಳೆಯದು ಸಿಗಲಿಲ್ಲ. "ಎಲ್ಲೋ ಇಟ್ಟಿದ್ದೀನಿ, ಸಿಕ್ಕಿದಾಗ ಎಸೀತೀನಿ ಹೋಗು" ಎಂದರು. ಕಂಪ್ಯೂಟರಿನಲ್ಲಿದ್ದ ಹಳೆಯ ಹಾಡುಗಳನ್ನೂ, ಜಾಗ ಸಾಲದೆಂದು, ಅಳಿಸಿ ಹೊಸದು ತುಂಬಿದ.

ಒಂದು ಭಾನುವಾರ ಸಂಜೆ ಹಳೆಯ ಸಿ.ಡಿ.ಗಳನ್ನು ಟವೆಲಿನಲ್ಲಿ ಸುತ್ತಿ, ಮಂಡಿಗೆ ಆನಿಸಿ ಒಂದೊಂದಾಗಿ ಮುರಿದ. ನಾನೂ ಅಲ್ಲಿದ್ದೆ. ಲಟ್ಟ್ ಎನ್ನುತ್ತಿದ್ದ ಹಾಗೆ ರೇಡಿಯೋ ಎದೆ ಹಿಡಿದುಕೊಂಡು, "ಅಯ್ಯೋ, ಅದರಲ್ಲಿ ನಾನಿದ್ದೆ ರೀ! ಅಯ್ಯೋ, ಇದರಲ್ಲೂ ಇದ್ದೆ!" ಎಂದು ನಾಟಕ ಆಡಿದಳು. ಮೂವರೂ ನಕ್ಕೆವು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ.

ಕೆಂಪು ಬಟ್ಟೆ ಮೂಲೆ ಸೇರಿತು. "ಇನ್ನು ನೀನು ಎಷ್ಟು ಬೇಕಾದರೂ ಮಾತಾಡು. ಒಂದಕ್ಷರವೂ ಒಳಗೆ ಹೋಗಲ್ಲ" ಎಂದು ತಮ್ಮ ದೊಡ್ಡ ವರ ಕೊಟ್ಟವನ ಹಾಗೆ ಹೇಳಿದ. ಆದರೆ ಅದೇ ಹೊತ್ತಿಗೆ ಅವನ ಕಿವಿಗೆ ಹೆಡ್‌ಫೋನು ಬಂತು. ಇಳಿಯುವ ಹಾಡಿನಲ್ಲಿ ಕೂದಲೆಳೆಯ ಚಿಟಪಟವೂ ತಪ್ಪದ ಹಾಗೆ ಕೇಳಬೇಕು. ಆಮೇಲೆ ಅವನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಹೆಕ್ಕಿ ತೆಗೆಯಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಅವಳು ಅವನ ಬೆನ್ನ ಹಿಂದೆ ನಿಂತು ಮಾತಾಡುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ, ಹಾಡಿಗೆ.

"ಮೊದಲು ಮಾತಾಡಬಾರದಿತ್ತು, ಈಗ ಮಾತಾಡಿದರೂ ಕೇಳಲ್ಲ" ಎಂದು ಅವಳು ನನ್ನಲ್ಲಿಗೆ ಬಂದು ಕೂತಳು. "ದೇವರು ಅವರಿಗೆ ಎರಡು ಕಿವಿ ಕೊಟ್ಟಿದ್ದಾನೆ ಅತ್ತಿಗೆ. ಒಂದು ಎಡಗಡೆ ಸ್ಪೀಕರಿಗೆ, ಒಂದು ಬಲಗಡೆ ಸ್ಪೀಕರಿಗೆ. ನನಗೆ ಅಂತ ಮೂರನೇದು ಮಾಡೋಕೆ ಮರೆತ." ನಗುತ್ತಲೇ ಹೇಳಿದಳು. ಕೋಪ ಇಟ್ಟುಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ; ಅಷ್ಟರಲ್ಲಿ ಬೇರೆ ಸುದ್ದಿ ನೆನಪಾಗಿರುತ್ತಿತ್ತು.

ಅವಳು ಹೋದದ್ದು ಬಸ್ ನಿಲ್ದಾಣದಲ್ಲಿ. ಚೀಲ ಹಿಡಿದು ಸಾಲಿನಲ್ಲಿ ನಿಂತವಳು, ಮುಂದಿನವಳಿಗೆ ಏನೋ ಹೇಳುತ್ತಿದ್ದಳಂತೆ, ಹೇಳುತ್ತಿದ್ದ ಹಾಗೇ ಕುಸಿದಳು. ಹೃದಯ ಎಂದರು ಆಸ್ಪತ್ರೆಯಲ್ಲಿ. ನಾವು ತಲುಪುವ ಹೊತ್ತಿಗೆ ಮುಗಿದಿತ್ತು. ಸಾಲಿನಲ್ಲಿದ್ದ ಆ ಹೆಂಗಸು ಯಾರೆಂದು ನಮಗೆ ಗೊತ್ತಾಗಲಿಲ್ಲ. ಅವಳಿಗೆ ಏನು ಹೇಳುತ್ತಿದ್ದಳೋ ಎಂದು ತಮ್ಮ ಬಹಳ ದಿನ ಕೇಳುತ್ತಿದ್ದ, ಯಾರನ್ನು ಎಂದಿಲ್ಲ.

ಅವನು ಅಳಲಿಲ್ಲ. ಅಂಗಡಿಗೆ ಹೋಗಿ ಬರುತ್ತಿದ್ದ. ನಾನು ಮಾಡಿಟ್ಟದ್ದನ್ನು ಉಣ್ಣುತ್ತಿದ್ದ. ಪ್ಲೇಯರಿನ ಮುಚ್ಚಳ ಮಾತ್ರ ತೆಗೆಯಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಅವನಿಗಾಗಿ ಏನು ಬೇಡಬೇಕೆಂದು ತಿಳಿಯದೆ ಸುಮ್ಮನೆ ಅವನ ಮುಖವನ್ನು ದೇವರ ಮುಂದೆ ಹಿಡಿದಿರುತ್ತಿದ್ದೆ. ಕೆಲವು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ನನ್ನ ಬಾಗಿಲಲ್ಲಿ ಬಂದು ನಿಂತ. ಅಂಗಡಿಯಿಂದ ನೇರ ಬಂದಿದ್ದ. ಕೈಬೆರಳ ಸಂದಿಯಲ್ಲಿ ಇನ್ನೂ ಬಿಳಿ ಪಾಲಿಶ್ ಇತ್ತು.

"ಅಕ್ಕ, ಅವಳ ದನಿ ನೆನಪಾಗ್ತಿಲ್ಲ."

"ಏನಂತ ಹೇಳ್ತೀಯೋ?"

"ಮಾತೆಲ್ಲ ನೆನಪಿದೆ. ದನಿ ಬರ್ತಿಲ್ಲ. ಬೆಳಿಗ್ಗೆಯಿಂದ ಪ್ರಯತ್ನ ಮಾಡ್ತಿದ್ದೀನಿ. ಆ ‘ರೀ’ ಅಂತಿದ್ದಳಲ್ಲ, ಅದನ್ನು ಕೂಡ ನನ್ನ ದನಿಯಲ್ಲೇ ಕೇಳ್ತಿದ್ದೀನಿ."

ಯಾವ ಪ್ಲೇಟಿನ ಯಾವ ಹಾಡಿನಲ್ಲಿ ಎಲ್ಲಿ ಗೀರಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ಅವನು. ಒಳಗೆ ಕರೆದು ಕೂರಿಸಿದೆ. "ಅವಳು ನಿನ್ನ ಹತ್ರ ಏನೇನು ಮಾತಾಡ್ತಿದ್ದಳು, ಹೇಳು" ಎಂದ. ಹೇಳಿದೆ. ತರಕಾರಿಯವಳ ಸೊಸೆ, ಸೋರುವ ನಲ್ಲಿ, ಮೂರನೇ ಕಿವಿ. ಅವನು ಹಾಡು ಕೇಳುವಾಗಿನ ಹಾಗೆ ತಲೆ ಓರೆ ಮಾಡಿ ಕೇಳಿದ. ಕೊನೆಗೆ, "ನೀನು ಚೆನ್ನಾಗಿ ಹೇಳ್ತೀಯ ಅಕ್ಕ. ಆದರೆ ಇದು ನಿನ್ನ ದನಿ" ಎಂದ.

ಮನೆಯಲ್ಲಿ ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆವು. ಮದುವೆಯಲ್ಲಿ ಫೋಟೋ ಮಾತ್ರ. ಅಮ್ಮನ ಕಾಲದ ಒಂದು ಕ್ಯಾಸೆಟ್ಟಿತ್ತು. ಅದರಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಮಾತಾಡಿದ್ದೇವೆ. ರೇಡಿಯೋ ಸರದಿ ಬಂದಾಗ ಬರೀ ಕಿಸಿಕಿಸಿ ನಗು, ಅದೂ ಸೆರಗಿನೊಳಗೆ ಹುದುಗಿಸಿಕೊಂಡ ನಗು, ಆಮೇಲೆ ಅಮ್ಮನ ಗದರಿಕೆ: "ಕೈಗೆ ಮೈಕು ಕೊಟ್ಟರೆ ರೇಡಿಯೋ ಬಂದ್!" ಅಷ್ಟೆ. ಕಂಪ್ಯೂಟರಿನಲ್ಲಿ ಅಳಿಸಿದ್ದು ಸಿಗುತ್ತದೆಯೇ ಎಂದು ರಿಪೇರಿಯವನನ್ನು ಕರೆಸಿದೆವು. ಅವನು ನೋಡಿ, "ಅದರ ಮೇಲೆ ಬೇರೆ ಹಾಡು ತುಂಬಿಬಿಟ್ಟಿದ್ದೀರಿ. ಸುಣ್ಣ ಹೊಡೆದ ಮೇಲೆ ಗೋಡೆ ಬರಹ ಓದಿ ಅಂದರೆ ಹೇಗೆ?" ಎಂದ.

ಉಳಿದದ್ದು ಟೀಚರ ಮನೆಯ ಆ ಒಂದೇ ಸಿ.ಡಿ. ಅವಳು ಕೊನೆಯ ಹಾಡನ್ನು ಪೂರ್ತಿ ಗುನುಗಿದ್ದ ಸಿ.ಡಿ.

ಮರುದಿನವೇ ಇಬ್ಬರೂ ಹೋದೆವು. ಟೀಚರು ಬಾಗಿಲು ತೆಗೆದು, ತಮ್ಮನ ಮುಖ ನೋಡಿ, ನಡುಗುವ ಕೈಯಿಂದ ಅವನ ಕೈ ಹಿಡಿದುಕೊಂಡರು. ವಿಷಯ ಹೇಳಿದೆ. ಅವರು ಕಪಾಟಿನ ಕಡೆ ಹೋಗಲಿಲ್ಲ.

"ಬಾಲ್ಕನಿಯಲ್ಲಿದೆ" ಎಂದರು.

ಪಾರಿವಾಳಗಳ ಕಾಟವೆಂದು, ಹೊಳೆದರೆ ಹೆದರಿಯಾವು ಎಂದು, ಹೇಗೂ ಬೇಡದ ಸಿ.ಡಿ.ಯಲ್ಲವೇ ಎಂದು, ನಡುವಿನ ತೂತಿಗೆ ದಾರ ಪೋಣಿಸಿ ತೂಗುಬಿಟ್ಟಿದ್ದರು. ಅದು ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು. "ಹೆದರಲೂ ಇಲ್ಲಪ್ಪ ಅವು. ಕನ್ನಡಿ ಅಂದುಕೊಂಡು ಎದುರಿಗೆ ಕೂತು ಪುಕ್ಕ ಸರಿಮಾಡಿಕೊಳ್ತಿದ್ದವು" ಎಂದರು ಟೀಚರು. "ನನಗೇನು ಗೊತ್ತಿತ್ತು? ನೀನೇ ಸರಿಯಿಲ್ಲ ಅಂದಿದ್ದೆ."

"ಹೌದು, ನಾನೇ ಅಂದಿದ್ದೆ" ಎಂದ ತಮ್ಮ.

ದಾರ ಬಿಡಿಸಿ, ಅಂಚಿನಲ್ಲಿ ಮಾತ್ರ ಬೆರಳು ತಾಗುವ ಹಾಗೆ ಹಿಡಿದು, ಗಾಜನ್ನು ನೋಡುವ ಹಾಗೆ ಬೆಳಕಿಗೆ ಹಿಡಿದ. ನಾನೂ ಇಣುಕಿದೆ. ಹೊರ ಅಂಚಿನ ಸುತ್ತ ಬೆಳ್ಳಿಯ ಲೇಪ ಎದ್ದುಹೋಗಿ, ಎದುರಿನ ಮನೆಯ ಕಿಟಕಿ ಅದರ ಮೂಲಕ ಕಾಣುತ್ತಿತ್ತು. ಒಳಗಿನ ಭಾಗದಲ್ಲಿ ಲೇಪ ಉಳಿದಿತ್ತು, ಆದರೆ ತುಂಬ ಗೀರು.

"ಗೀರು ನೀನು ತೆಗೀತೀಯಲ್ಲ" ಎಂದೆ.

"ಅಕ್ಕ, ಪ್ಲೇಟು ಹೊರಗಿನಿಂದ ಒಳಕ್ಕೆ ಹಾಡುತ್ತೆ. ಸಿ.ಡಿ. ಒಳಗಿನಿಂದ ಹೊರಕ್ಕೆ. ಮೊದಲ ಹಾಡು ಒಳಗಡೆ. ಕೊನೆಯ ಹಾಡು..." ಎಂದು, ಬೆರಳಿಂದ ಆ ಪಾರದರ್ಶಕ ಅಂಚನ್ನು ತೋರಿಸಿದ. ಅದರ ಮೂಲಕ ಎದುರುಮನೆಯ ಕಿಟಕಿಯಲ್ಲಿ ಯಾರೋ ದಿಂಬು ಕೊಡವುತ್ತಿದ್ದರು.

ಆದರೂ ಅಂಗಡಿಗೆ ಒಯ್ದ. ಮಾಲೀಕ ಏನೂ ಕೇಳಲಿಲ್ಲ. ಪರದೆ ಎಳೆದು ಮುಂದೆ ಹೋದ. ನಾನು ಪಕ್ಕದ ಸ್ಟೂಲಿನಲ್ಲಿ ಕೂತೆ. ಮೆತ್ತನೆಯ ಗಾಲಿಗೆ ಪಾಲಿಶ್ ಹಚ್ಚಿ, ಸಿ.ಡಿ.ಯ ಕೆಳಮೈಯನ್ನು ಅದಕ್ಕೆ ತಾಗಿಸುತ್ತಿದ್ದ, ತೆಗೆದು ಬೆಳಕಿಗೆ ಹಿಡಿಯುತ್ತಿದ್ದ, ಮತ್ತೆ ತಾಗಿಸುತ್ತಿದ್ದ. ಬಿಸಿಯಾದರೆ ಕೆಡುತ್ತದೆಂದು ನಡುನಡುವೆ ನೀರಲ್ಲಿ ಅದ್ದುತ್ತಿದ್ದ. ಅವನ ಹಣೆಯ ಬೆವರು ಅದರ ಮೇಲೆ ಬೀಳದ ಹಾಗೆ ನಾನು ನನ್ನ ಸೆರಗಿನಿಂದ ಒರೆಸಿದೆ. ಅವನ ಕೈ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಒಂದೊಂದೇ ಗೀರು ಮಸುಕಾಗಿ, ಕರಗಿ, ಇಲ್ಲವಾಯಿತು. ನಾನು ಕೂತಲ್ಲೇ ಪ್ರಾರ್ಥಿಸಿದೆ. ಹಾಡು ಬೇಡ, ಅವನಿಗೆ ಅವಳ ಒಂದು ಮಾತು ಕೊಡು ಎಂದು. ದೊಡ್ಡದು ಕೇಳಿದರೆ ಸಿಗುವುದಿಲ್ಲ ಎಂಬ ಹೆದರಿಕೆಯಿಂದ ಒಂದೇ ಮಾತು ಕೇಳಿದೆ.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದ. ಅದು ಬಹಳ ಹೊತ್ತು ಒಳಗೊಳಗೇ ಗುರುಗುಟ್ಟಿ, ಕೊನೆಗೆ ಹಾಡು ಶುರುವಾಯಿತು. ಹೆಡ್‌ಫೋನು ಹಾಕಿಕೊಳ್ಳಲಿಲ್ಲ, ಸ್ಪೀಕರಿನಲ್ಲೇ ಬಿಟ್ಟ. ಬಾವಿಯೊಳಗಿನಿಂದ ಬಂದ ಹಾಗಿತ್ತು ಹಾಡು. ಅದರ ಹಿಂದೆ ನಮ್ಮ ಮನೆ ಇತ್ತು. ನಿಜವಾಗಿ ಇತ್ತು. ಬೀದಿಯ ಬಸ್ಸು ಹೋಯಿತು. ಎಲ್ಲೋ ನಲ್ಲಿ ನಿಂತಿತು. ಬರಿಗಾಲು ಒಂದೆರಡು ಹೆಜ್ಜೆ ಇಟ್ಟ ಹಾಗಾಯಿತು, ತುದಿಗಾಲಲ್ಲಿ. ನನ್ನ ತಮ್ಮ ಮೇಜಿನ ಅಂಚು ಹಿಡಿದುಕೊಂಡ.

ಮೊದಲ ಹಾಡು ಮುಗಿಯಿತು. ಪ್ಲೇಟು ಖಾಲಿ ತಿರುಗುವ ಸರಸರ. ಹಾಡು ನಿಂತಿತೆಂದು, ಈಗ ಮಾತಾಡಬಹುದೆಂದು ಅವಳು ಎಣಿಸಿರಬೇಕು.

"ರೀ, ಕಾಫಿ ತಂ..."

"ಶ್!"

ಆಮೇಲೆ ಮಾತಿಲ್ಲ. ತುಂಬ ಕಿವಿಗೊಟ್ಟರೆ ಮಾತ್ರ ಕೇಳುವಂಥ ಒಂದು ಸದ್ದು, ಇಲ್ಲವೆನ್ನುವಷ್ಟು ಸಣ್ಣದು: ಲೋಟದ ಒಂದಂಚು, ಒಂದು ಗಳಿಗೆ ಬಿಟ್ಟು ಇನ್ನೊಂದಂಚು. ಕಿರುಬೆರಳು. ನನಗೆ ಗೊತ್ತಾಯಿತು. ತಮ್ಮನಿಗೆ ಅದೇನೆಂದು ನಾನೇ ಹೇಳಬೇಕಾಯಿತು. ಆ ವಿದ್ಯೆಯನ್ನು ಅವಳು ಅವನಿಗೆ ತೋರಿಸಿರಲಿಲ್ಲ.

ಎರಡನೇ ಹಾಡು ಶುರುವಾಗಿ, ತೊದಲಿ, ಒಂದೇ ತುಣುಕನ್ನು ಮತ್ತೆ ಮತ್ತೆ ಕಚ್ಚಿ, ನಿಂತುಹೋಯಿತು. ಅದರಾಚೆಗೆ ಏನೂ ಸಿಗಲಿಲ್ಲ. ಅವನು ಇನ್ನೊಮ್ಮೆ ಪಾಲಿಶ್ ಮಾಡಿದ, ರಿಪೇರಿಯವನ ಯಂತ್ರದಲ್ಲಿ ಹಾಕಿ ನೋಡಿದ, ಹಲ್ಲಿನ ಡಾಕ್ಟರ ಮನೆಯ ಹೊಸ ಕಂಪ್ಯೂಟರಿನಲ್ಲೂ ನೋಡಿದ. ಎಲ್ಲ ಕಡೆಯೂ ಅಷ್ಟೆ: ಒಂದು ಹಾಡು, ಒಂದು "ರೀ", ಒಂದು ಲೋಟ.

ಆ ತುಣುಕನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಒಂದು ದಿನ ನನ್ನನ್ನು ಕರೆದು ಪರದೆ ತೋರಿಸಿದ. ದನಿಯೆಲ್ಲ ಅಲ್ಲಿ ಗೀಟುಗಳಾಗಿ ಕಾಣುತ್ತದೆ. ಜೋರಾದದ್ದು ಎತ್ತರ, ಮೆಲ್ಲಗಿನದು ಗಿಡ್ಡ. "ಇದು ಅವಳು. ಇಲ್ಲಿ ನೋಡು, ಕೊನೆಯಲ್ಲಿ ಮೇಲಕ್ಕೇಳುತ್ತಲ್ಲ" ಎಂದು ಬೆರಳಿಟ್ಟ. "ಇದು ನಾನು." ಅವನ "ಶ್" ದೊಡ್ಡ ಕುಂಚದಂತೆ ನಿಂತಿತ್ತು. ಎಷ್ಟೋ ಜನರ ಪ್ಲೇಟಿನಿಂದ ಎಷ್ಟೋ ಚಿಟಪಟ ಹೆಕ್ಕಿ ಬಿಸಾಡಿದವನು. ತನ್ನದೊಂದನ್ನು ಹೆಕ್ಕಿ ತೆಗೆಯಲು ದಿನಗಟ್ಟಲೆ ಕೂತಿದ್ದ. ಆಗಲಿಲ್ಲ. ಅವಳ ಮಾತಿನ ಮೇಲೆಯೇ ಅವನದು ಬಿದ್ದಿತ್ತು. ಅದನ್ನು ಕತ್ತರಿಸಿದರೆ "ಕಾಫಿ" ಹೋಗುತ್ತದೆ. ಇನ್ನೂ ಸ್ವಲ್ಪ ಕತ್ತರಿಸಿದರೆ "ರೀ"ಯ ಬಾಲ ಹೋಗುತ್ತದೆ, ಆ ಮೇಲಕ್ಕೆತ್ತುವ ಬಾಲ.

"ಬಿಟ್ಟುಬಿಡೋ. ಇರಲಿ ಹಾಗೇ" ಎಂದೆ.

"ಅವಳು ತಂದಿದ್ದಳು ಅಕ್ಕ, ಬಿಸಿಯಾಗೇ ಇತ್ತೇನೋ. ನಾನು ಕುಡಿದೆನೋ ಇಲ್ಲವೋ, ಅದೂ ನೆನಪಿಲ್ಲ" ಎಂದ. ಆವತ್ತು ಅತ್ತ. ನಾನು ಅವನ ತಲೆಯನ್ನು ನನ್ನ ಹೊಟ್ಟೆಗೆ ಆನಿಸಿಕೊಂಡು ನಿಂತೆ, ಚಿಕ್ಕವನಿದ್ದಾಗ ಬಿದ್ದು ಬಂದರೆ ನಿಲ್ಲುತ್ತಿದ್ದ ಹಾಗೆ. ದೇವರು ನಾನು ಕೇಳಿದ್ದನ್ನು ಕೊಟ್ಟಿದ್ದ. ಒಂದು ಮಾತು ಎಂದಿದ್ದೆ, ಒಂದು ಮಾತು ಕೊಟ್ಟ. ಅವನ ಮೇಲೆ ನನಗೆ ದೂರಿಲ್ಲ. ಆದರೂ ಅರ್ಧ ಮಾತಿಗೂ ಪೂರ್ತಿ ಮಾತಿಗೂ ವ್ಯತ್ಯಾಸವಿದೆ ಎಂದು ಆವತ್ತು ದೇವರ ಮುಂದೆ ಹೇಳಿಕೊಂಡೆ.

ಈಗ ತಮ್ಮನಿಗೂ ವಯಸ್ಸಾಗಿದೆ. ಗಾಜು ತಿಕ್ಕುವ ಕೆಲಸ ಬಿಟ್ಟಿದ್ದಾನೆ; ಅದನ್ನು ಯಂತ್ರವೇ ಮಾಡುತ್ತದಂತೆ. ಟೀಚರು ಹೋದರು, ಅವರ ಪ್ಲೇಟುಗಳನ್ನು ಇವನಿಗೇ ಬಿಟ್ಟು. ಯಾರಾದರೂ ಪ್ಲೇಟು ತಂದರೆ ಈಗಲೂ ಇಳಿಸಿಕೊಡುತ್ತಾನೆ, ನೇರ ತಂತಿಯಲ್ಲೇ, ಒಂದು ಗೀರಿಲ್ಲದ ಹಾಗೆ. ಆದರೆ ಹೆಡ್‌ಫೋನು ಹಾಕುವುದಿಲ್ಲ. ನಾನು ಮಾತಾಡಲು ಹೋದರೆ ಹಾಡನ್ನು ಅದರ ಪಾಡಿಗೆ ಬಿಟ್ಟು, ಕುರ್ಚಿ ನನ್ನ ಕಡೆ ತಿರುಗಿಸಿ ಕೂರುತ್ತಾನೆ. ನನಗೆ ಹೇಳಲು ಅಂಥ ಸುದ್ದಿಯೇನೂ ಇರುವುದಿಲ್ಲ. ಇದ್ದವಳು ಬೇರೆಯವಳು.

ಸಂಜೆ ನಾನು ಮೆಟ್ಟಿಲು ಹತ್ತಿ ಹೋಗುವಾಗ ಕೆಲವು ದಿನ ಮೇಲಿನಿಂದ ಆ ಹಾಡು ಕೇಳುತ್ತದೆ. ಬಾಗಿಲಲ್ಲೇ ನಿಲ್ಲುತ್ತೇನೆ. ಅವನು ಸ್ಪೀಕರಿಗೆ ಹತ್ತಿರ ಬಗ್ಗಿ ಕೂತಿರುತ್ತಾನೆ. ಹಾಡು ಮುಗಿಯುತ್ತದೆ, ಸರಸರ ಶುರುವಾಗುತ್ತದೆ. "ರೀ" ಎನ್ನುತ್ತಾಳೆ. ಅವನು ಕೂಡಲೇ, "ಹೂಂ, ಹೇಳು" ಎನ್ನುತ್ತಾನೆ. ತಡವಾಯಿತು. ಮತ್ತೆ ಹಿಂದಕ್ಕೆ ಒಯ್ಯುತ್ತಾನೆ. ಅವಳು ಬಾಯಿ ತೆರೆಯುವ ಮೊದಲೇ "ಹೇಳೇ" ಎನ್ನಲು ನೋಡುತ್ತಾನೆ. ಆಗ ಅವಳ "ರೀ"ಯೇ ಕೇಳದೆ ಹೋಗುತ್ತದೆ. ಮತ್ತೆ ಹಿಂದಕ್ಕೆ. ಈ ಸಲ ಅವಳ ಮಾತಿಗೂ ತನ್ನ ಆ "ಶ್"ಗೂ ನಡುವೆ ಹೇಗಾದರೂ ತೂರಿಕೊಳ್ಳಬೇಕೆಂದು, ಮುಳ್ಳು ಇಳಿಸುವಾಗಿನ ಹಾಗೆ ಉಸಿರು ಬಿಗಿಹಿಡಿದು ಕಾಯುತ್ತಾನೆ.

"ರೀ, ಕಾಫಿ ತಂ..."

ಸ್ಪೀಕರಿನೊಳಗಿನ ಅವನು ಇವನಿಗಿಂತ ಚಿಕ್ಕವನು, ಚುರುಕು. ಯಾವಾಗಲೂ ಅವನದೇ ಮೊದಲು. ಆಮೇಲೆ ಲೋಟ ಕೂರುತ್ತದೆ, ಮೊದಲು ಒಂದಂಚು, ಆಮೇಲೆ ಇನ್ನೊಂದು. ಅಷ್ಟು ಹೊತ್ತೂ ನನ್ನ ತಮ್ಮ ಮೇಜಿನ ಮೇಲೆ ತನ್ನ ಕಿರುಬೆರಳನ್ನು ಆನಿಸಿಟ್ಟುಕೊಂಡಿರುತ್ತಾನೆ.